ಅ ಆ ಕಲಿಸೋಕೆ ಎಂ.ಎ. ಯಾಕೆ?

ಸಂಶೋಧನೆಗಾಗಿ ಅಂಗನವಾಡಿಗಳಿಗೆ ಹೋಗುತ್ತಿದ್ದಾಗ, ದೂರಶಿಕ್ಷಣದಲ್ಲಿ ಎಂ.ಎ. ಓದುತ್ತಿದ್ದ ಕಾರ್ಯಕರ್ತೆಯೊಬ್ಬರನ್ನು ಕಂಡೆ. ಅವರ ಮೇಲಧಿಕಾರಿ ನನ್ನೆದುರೇ ನಕ್ಕು ಕೇಳಿದರು: ‘ಅ ಆ ಕಲಿಸೋಕೆ ಎಂ.ಎ. ಯಾಕಮ್ಮಾ?’

ಪಿಎಚ್.ಡಿ. ಮಾಡುತ್ತಿರುವ ನನ್ನನ್ನು ಯಾರೂ ಹಾಗೆ ಕೇಳಿಲ್ಲ. ಹದಿನೆಂಟರ ಹುಡುಗರಿಗೆ ಪಾಠ ಹೇಳಲು ಸ್ನಾತಕೋತ್ತರ ಪದವಿ ಬೇಕೇ ಬೇಕು. ಮೂರರ ಮಗುವಿಗೆ ಪ್ರೀತಿಯೊಂದಿದ್ದರೆ ಸಾಕಂತೆ. ‘ತಾಯಿಯಂಥ ಟೀಚರ್’ ಎಂಬ ಈ ಹೊಗಳಿಕೆಯ ಮೇಲೇ ನನಗೆ ಅನುಮಾನ. ತಾಯ್ತನಕ್ಕೆ ಸಂಬಳ ಕೊಡಬೇಕಿಲ್ಲವಲ್ಲ!

ಅವತ್ತು ಒಂದು ಮಗು ‘ಅಜ್ಜಿ ಬಾಳೆಹಣ್ಣು ಕೊಡಿದಳು’ ಎಂದಿತು. ಸಹಾಯಕಿ ತಕ್ಷಣ ‘ಕೊಡಿದಳು ಅಲ್ಲ, ಕೊಟ್ಟಳು’ ಎಂದು ತಿದ್ದಿದರು. ಮಗು ಸುಮ್ಮನಾಯಿತು. ಟೀಚರ್ ಹತ್ತಿರ ಕೂತು, ‘ಓಹೋ, ಅಜ್ಜಿ ಕೊಟ್ಟಳಾ? ಸಿಹಿ ಇತ್ತಾ?’ ಎಂದರು. ಮಗು ಮತ್ತೆ ಮಾತಿಗಿಳಿಯಿತು. ಆಮೇಲೆ ಅವರು ನನಗೆ ಹೇಳಿದ್ದು: ‘ಮಾಡಿದಳು, ನೋಡಿದಳು, ಹಾಡಿದಳು ಅಂತ ಕೇಳಿ ಕೇಳಿ ಅವಳೇ ಒಂದು ನಿಯಮ ಕಂಡುಕೊಂಡಿದ್ದಾಳೆ. ಓದೋಕೆ ಮುಂಚೆ ನಾನೂ ತಿದ್ದುತ್ತಿದ್ದೆ.’

ಮಕ್ಕಳು ತಾವೆಂದೂ ಕೇಳಿರದ ಪದಗಳಿಗೂ ವ್ಯಾಕರಣದ ನಿಯಮ ಹಚ್ಚುತ್ತಾರೆಂದು ಜೀನ್ ಬರ್ಕೊ 1958ರಲ್ಲೇ ತೋರಿಸಿದ್ದರು. ಅದು ಗೊತ್ತಿಲ್ಲದವರಿಗೆ ‘ಕೊಡಿದಳು’ ಬರೀ ತಪ್ಪು. ಗೊತ್ತಿದ್ದವರಿಗೆ ಅದು ಮಗುವಿನ ಬುದ್ಧಿ ಕೆಲಸ ಮಾಡುತ್ತಿರುವ ಗುರುತು. ಆಡುತ್ತಾ ತನ್ನಷ್ಟಕ್ಕೇ ಮಾತಾಡಿಕೊಳ್ಳುವ ಮಗುವಿಗೆ ನಾವು ‘ಗಲಾಟೆ ಮಾಡಬೇಡ’ ಎನ್ನುತ್ತೇವೆ. ಅದು ಯೋಚನೆಯ ಮೊದಲ ರೂಪ ಎಂದವರು ವೈಗೋಟ್‌ಸ್ಕಿ. ಪ್ರೀತಿಯಿಂದಲೇ ಬಾಯಿ ಮುಚ್ಚಿಸುವವರೂ ಇದ್ದಾರೆ. ಪ್ರೀತಿಗೆ ಓದು ಕಣ್ಣು ಕೊಡುತ್ತದೆ.

ಪದವಿ ಬಂದರೆ ಪಾಠ ಸುಧಾರಿಸಿಬಿಡುತ್ತದೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಮೆರಿಕದ ಏಳು ದೊಡ್ಡ ಅಧ್ಯಯನಗಳ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಶಿಕ್ಷಕರ ಪದವಿಗೂ ಮಕ್ಕಳ ಕಲಿಕೆಗೂ ಖಚಿತ ಸಂಬಂಧ ಕಾಣಲಿಲ್ಲ. ಗೈಡ್ ಓದಿ ಪಾಸಾದ ಎಂ.ಎ.ಯನ್ನು ನಾನೂ ಸಮರ್ಥಿಸುವುದಿಲ್ಲ. ಬೆಳಿಗ್ಗೆ ಕಂಡ ಮಗುವನ್ನು ಸಂಜೆ ಪುಸ್ತಕದ ಜೊತೆ ಇಟ್ಟು ನೋಡುವ, ಪುಸ್ತಕ ಹೇಳಿದ್ದನ್ನು ಮರುದಿನ ಮಗುವಿನ ಮುಂದೆ ಪರೀಕ್ಷಿಸುವ ಓದು ಬೇಕು. ಆ ಟೀಚರ್ ಮಾಡುತ್ತಿದ್ದುದು ಅದನ್ನೇ.

ನಾವು ಕೊಡುತ್ತಿರುವುದೇನು? 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಮೆದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ ಎನ್ನುತ್ತದೆ. ಅದೇ ನೀತಿ, ಪಿಯುಸಿ ಓದಿದ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಸಾಕೆನ್ನುತ್ತದೆ. ತೂಕ ನೋಡು, ಊಟ ಬಡಿಸು, ಪೋಷಣ್ ಟ್ರ್ಯಾಕರ್ ತುಂಬು. ಉಳಿದ ಸಮಯದಲ್ಲಿ ಶಿಕ್ಷಕಿಯಾಗು. 1975ರಲ್ಲಿ ಯೋಜನೆ ಶುರುವಾದಾಗಿನಿಂದಲೂ ಆಕೆಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಗ್ರಾಚ್ಯುಟಿಗೆ ಆಕೆ ಅರ್ಹಳು ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಕೆಲಸಕ್ಕೆ ಜ್ಞಾನ ಬೇಕು ಎಂದು ಒಪ್ಪಿದರೆ ಅದಕ್ಕೆ ರಜೆ, ಶುಲ್ಕ, ಬಡ್ತಿ, ಸಂಬಳ ಎಲ್ಲವನ್ನೂ ಕೊಡಬೇಕಾಗುತ್ತದೆ. ‘ಎಂ.ಎ. ಯಾಕಮ್ಮಾ’ ಎಂದು ನಗುವುದು ಅಗ್ಗ.

ಆ ಟೀಚರ್ ಅವತ್ತು ಉತ್ತರ ಕೊಡಲಿಲ್ಲ; ಅವರಿಗೆ ಕೆಲಸ ಉಳಿಯಬೇಕಿತ್ತು. ನಾನೂ ಸುಮ್ಮನಿದ್ದೆ, ನನಗೆ ಅನುಮತಿಪತ್ರಕ್ಕೆ ಸಹಿ ಬೇಕಿತ್ತು. ತಡವಾಗಿಯಾದರೂ ಹೇಳುತ್ತೇನೆ: ಸಾರ್, ಅ ಆ ಕಲಿಸೋಕಲ್ಲ, ‘ಕೊಡಿದಳು’ ಎಂದ ಮಗುವಿನ ಮಾತನ್ನು ಕೇಳಿಸಿಕೊಳ್ಳೋಕೆ.