ಊರ ಮಕ್ಕಳೂ ಹಣದ ಚೀಲವೂ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಮ್ಮವರು ಎಷ್ಟು ಬಾರಿ ಹೇಳಿ ಎಷ್ಟು ಸತ್ಕಾರ್ಯಗಳನ್ನು ಕೆಡಿಸಿರುವರೋ ಲೆಕ್ಕವಿಲ್ಲ. ಈ ಗಾದೆಯು ಸುಳ್ಳಾದ ಒಂದು ಪ್ರಸಂಗವನ್ನು ಇಂದು ವಾಚಕರ ಮುಂದಿಡಬೇಕೆಂದು ನಾವು ಬಯಸುತ್ತೇವೆ. ಅದು ನಡೆದದ್ದು ಯೂರೋಪು ಖಂಡದಲ್ಲಿ, 1966-67ನೆಯ ಸಾಲಿನ ಕಾಲ್ಚೆಂಡಿನ ಪಂದ್ಯಾವಳಿಯಲ್ಲಿ. ಆಟದ ವಿಷಯಕ್ಕೆ ಸಂಪಾದಕೀಯದ ಅಂಕಣವೇಕೆಂದು ಕೆಲವರು ಕೇಳಬಹುದು. ಲಕ್ಷಾಂತರ ಜನರ ಮನಸ್ಸನ್ನೂ ಅಪಾರವಾದ ಧನವನ್ನೂ ಸೆಳೆಯತಕ್ಕ ವ್ಯವಹಾರವು ಯಾವುದೇ ಆಗಿರಲಿ, ಅದು ಸಾರ್ವಜನಿಕ ವಿಚಾರವೇ ಸರಿ.

ಯೂರೋಪಿನ ಚಾಂಪಿಯನ್ ಸಂಘಗಳಿಗೆ ಒಂದು ಕಪ್ಪು ಇರಬೇಕೆಂಬ ಯೋಚನೆಯನ್ನು ಮುಂದಿಟ್ಟವರು ಫ್ರಾನ್ಸಿನ ‘ಲೆಕಿಪ್’ ಎಂಬ ಕ್ರೀಡಾಪತ್ರಿಕೆಯ ಗೇಬ್ರಿಯಲ್ ಆನೋ ಎಂಬ ಬರಹಗಾರರು. ಪಂದ್ಯಾವಳಿಯು 1955ರಲ್ಲಿ ಪ್ರಾರಂಭವಾಯಿತು. ಅದರ ನಿಯಮವು ಸರಳವಾದುದು. ಒಂದೊಂದು ದೇಶದಲ್ಲಿಯೂ ಆ ವರ್ಷ ಗೆದ್ದ ಸಂಘಕ್ಕೆ ಪ್ರವೇಶ. ಹಿಂದಿನ ವರ್ಷ ಕಪ್ಪನ್ನು ಗೆದ್ದವರಿಗೂ ಪ್ರವೇಶ. ಇಬ್ಬರು ಎದುರಾಳಿಗಳು ತಮ್ಮ ತಮ್ಮ ಊರಿನಲ್ಲಿ ಒಂದೊಂದು ಪಂದ್ಯವಾಡುವುದು. ಎರಡರ ಗೋಲುಗಳನ್ನೂ ಕೂಡಿಸಿ ನೋಡಿ, ಸೋತವರು ಮನೆಗೆ ಹೊರಡುವುದು. ಸಿರಿವಂತ ಸಂಘವೆಂದು ಯಾರಿಗೂ ಎರಡನೆಯ ಅವಕಾಶವಿಲ್ಲ, ಬಡ ದೇಶದ ಸಂಘವೆಂದು ಯಾರಿಗೂ ಬಾಗಿಲು ಮುಚ್ಚಿಲ್ಲ. ಹೀಗಿದ್ದರೂ ಮೊದಲ 11 ವರ್ಷಗಳ ಕಾಲ ಆ ಕಪ್ಪು ಸ್ಪೇನು, ಪೋರ್ತುಗಲ್ಲು, ಇಟಲಿ ಈ ಮೂರು ದೇಶಗಳನ್ನು ಬಿಟ್ಟು ಹೊರಗೆ ಹೋಗಲಿಲ್ಲ. ಮ್ಯಾಡ್ರಿಡ್ಡಿನ ರಿಯಲ್ ಸಂಘವೊಂದೇ ಆರು ಬಾರಿ ಅದನ್ನು ಎತ್ತಿಕೊಂಡಿತು.

ಈ ಸರಪಳಿಯನ್ನು ಕಡಿದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸೆಲ್ಟಿಕ್ ಸಂಘ. 1887ರಲ್ಲಿ ಬ್ರದರ್ ವಾಲ್‌ಫ್ರಿಡ್ ಎಂಬ ಐರಿಷ್ ಧರ್ಮಬಂಧುವು ನಗರದ ಪೂರ್ವಭಾಗದ ಬಡಮಕ್ಕಳ ಊಟದ ಖರ್ಚಿಗೆ ಹಣ ಕೂಡಿಸುವುದಕ್ಕೋಸ್ಕರ ಈ ಸಂಘವನ್ನು ಸ್ಥಾಪಿಸಿದನು. ಅನ್ನದಾನಕ್ಕಾಗಿ ಹುಟ್ಟಿದ ಸಂಘವು 80 ವರ್ಷಗಳ ತರುವಾಯ ಯೂರೋಪಿನ ದೊರೆಯಾಯಿತು. ಅದರ ಆಟಗಾರರೆಲ್ಲರೂ ತಮ್ಮ ಮೈದಾನದಿಂದ ಸುಮಾರು 30 ಮೈಲಿಯ ಸುತ್ತಳತೆಯೊಳಗೆ ಹುಟ್ಟಿದವರು. ಅವರಲ್ಲಿ ಕೆಲವರನ್ನು ಬೇರೆ ಸಂಘಗಳಿಂದ ಹಣ ಕೊಟ್ಟು ತಂದದ್ದುಂಟು. ಆದರೆ ಹಾಗೆ ಬಂದವರೂ ನೆರೆಹೊರೆಯವರೇ. ಅವರನ್ನು ತಿದ್ದಿದ ಜಾಕ್ ಸ್ಟೀನ್ ಮಹಾಶಯರು ಲ್ಯಾನಾರ್ಕ್‌ಷೈರಿನ ಕಲ್ಲಿದ್ದಲ ಗಣಿಯಲ್ಲಿ ದುಡಿದು ಬಂದವರು. 1957ರಿಂದ 1960ರವರೆಗೆ ಇದೇ ಸಂಘದ ಕಿರಿಯ ಹುಡುಗರಿಗೆ ಶಿಕ್ಷಣ ಕೊಟ್ಟಿದ್ದ ಅವರು 1965ರಲ್ಲಿ ಅದರ ಮುಖ್ಯಾಧಿಕಾರಿಯಾಗಿ ಮರಳಿದರು. ಲಿಸ್ಬನ್ನಿನಲ್ಲಿ ನಾಯಕನಾಗಿ ಕಪ್ಪನ್ನು ಎತ್ತಿದ ಬಿಲ್ಲಿ ಮೆಕ್‌ನೀಲ್ ಹಿಂದೆ ಅವರ ಕೈಕೆಳಗೆ ಪಳಗಿದ ಹುಡುಗರಲ್ಲೊಬ್ಬ. ಫಲವು ಒಂದು ದಿನದ್ದಾದರೂ ಬಿತ್ತನೆಯು ಹತ್ತು ವರ್ಷದ್ದು.

ಹಾದಿಯು ಸುಲಭವಾಗಿರಲಿಲ್ಲ. ಜೂರಿಕ್ಕಿನವರನ್ನೂ ಫ್ರಾನ್ಸಿನ ನಾಂಟ್‌ನವರನ್ನೂ ದಾಟಿದ ಮೇಲೆ 1967ರ ಮಾರ್ಚಿಯಲ್ಲಿ ಯುಗೊಸ್ಲಾವಿಯದ ವೊಯ್ವೊದಿನ ಸಂಘವು ಎದುರಾಯಿತು. ಪರಊರಿನಲ್ಲಿ ಸೆಲ್ಟಿಕ್ ಒಂದು ಗೋಲಿನಿಂದ ಸೋತಿತು. ತಮ್ಮೂರಿನ ಪಂದ್ಯದಲ್ಲಿ ಆ ಸಾಲ ತೀರಿ, ಇನ್ನು ಮೂರನೆಯ ಪಂದ್ಯವೇ ಗತಿಯೆಂದು ಎಲ್ಲರೂ ಎಣಿಸಿದ್ದಾಗ, ಕಟ್ಟಕಡೆಯ ನಿಮಿಷದಲ್ಲಿ ಮೆಕ್‌ನೀಲನು ತಲೆಯಿಂದ ಹೊಡೆದ ಚೆಂಡು ಒಳಹೊಕ್ಕಿತು. ಬಳಿಕ ಪ್ರಾಗಿನ ದುಕ್ಲಾ ಸಂಘದ ಮೇಲೆ 3-1, ಅವರೂರಿನಲ್ಲಿ 0-0. ಅಂತಿಮ ಪಂದ್ಯದಲ್ಲಿ ಎದುರಾದದ್ದು ಅದಕ್ಕೂ ಮುಂಚೆ ಎರಡು ಬಾರಿ ಕಪ್ಪನ್ನು ಗೆದ್ದಿದ್ದ ಮಿಲಾನಿನ ಇಂಟರ್. ಇಂಟರಿನ ಗುರು ಹೆಲೆನಿಯೋ ಎರೆರಾ ಮಹಾಶಯರ ಆಟದ ಕ್ರಮಕ್ಕೆ ‘ಕಟೆನಾಚ್ಚೊ’ ಎಂದು ಹೆಸರು. ಬಾಗಿಲ ಅಗುಳಿ ಎಂದು ಅದರ ಅರ್ಥ. ಒಂದು ಗೋಲು ಹೊಡೆಯುವುದು, ಆಮೇಲೆ ಅಗುಳಿ ಹಾಕಿಕೊಂಡು ಕೂಡುವುದು.

1967ರ ಮೇ 25ರಂದು ಲಿಸ್ಬನ್ನಿನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಹಾಗೆಯೇ ಆಯಿತು. ಏಳನೆಯ ನಿಮಿಷದಲ್ಲಿಯೇ ಮಜ್ಜೋಲ ಪೆನಾಲ್ಟಿಯಿಂದ ಗೋಲು ಹೊಡೆದನು, ಅಗುಳಿ ಬಿದ್ದಿತು. ಸೆಲ್ಟಿಕ್ಕಿನವರು ಅಂಜಲಿಲ್ಲ. ಒಂದರ ಮೇಲೊಂದು ಹೊಡೆತವನ್ನು ಇಂಟರಿನ ಗೋಲ್‌ಕೀಪರ್ ಸಾರ್ಟಿ ತಡೆದರೂ, ಬಾಗಿಲು ಬಡಿಯುವುದನ್ನು ಅವರು ನಿಲ್ಲಿಸಲಿಲ್ಲ. ಒಂದು ಗಂಟೆಯ ಆಟ ಕಳೆದ ಮೇಲೆ ಗೆಮ್ಮೆಲ್ ದೂರದಿಂದ ಹೊಡೆದು ಸರಿಗಟ್ಟಿಸಿದನು. ಆರೇಳು ನಿಮಿಷ ಉಳಿದಿರುವಾಗ ಚಾಮರ್ಸ್ ಎರಡನೆಯದನ್ನು ಸೇರಿಸಿದನು. ಆ ಸಾಲಿನಲ್ಲಿ ತಾನು ಪ್ರವೇಶಿಸಿದ ಪಂದ್ಯಾವಳಿಗಳೆಲ್ಲವನ್ನೂ ಸೆಲ್ಟಿಕ್ ಗೆದ್ದಿತು. ಬ್ರಿಟಿಷ್ ದ್ವೀಪಗಳಿಗೆ ಆ ಕಪ್ಪನ್ನು ಮೊದಲು ತಂದವರು ಲಂಡನ್ನಿನ ಧನಿಕರಲ್ಲ, ಗ್ಲಾಸ್ಗೋವಿನ ಶ್ರಮಜೀವಿಗಳ ಮಕ್ಕಳು.

‘ಊರ ಮಕ್ಕಳು’ ಎಂಬ ಮಾತನ್ನು ಕುಲದ ಮಾತೆಂದು ಯಾರೂ ತಿಳಿಯಬಾರದು. ಗ್ಲಾಸ್ಗೋ ನಗರವು ಕ್ಯಾಥೊಲಿಕ್ ಪ್ರಾಟೆಸ್ಟೆಂಟ್ ಎಂಬ ಭೇದದಿಂದ ನೊಂದ ನಗರ. ಸೆಲ್ಟಿಕ್ ವಲಸೆ ಬಂದ ಐರಿಷ್ ಕ್ಯಾಥೊಲಿಕರ ಸಂಘ. ಆದರೆ ಸ್ಟೀನ್ ಮಹಾಶಯರು ಪ್ರಾಟೆಸ್ಟೆಂಟರು, ಅಂದು ಆಡಿದ ಹನ್ನೊಂದು ಮಂದಿಯಲ್ಲಿಯೂ ಪ್ರಾಟೆಸ್ಟೆಂಟರು ಇದ್ದರು. ಅದೇ ನಗರದ ರೇಂಜರ್ಸ್ ಸಂಘವಾದರೋ ಹಲವು ದಶಕ ಕ್ಯಾಥೊಲಿಕ್ ಆಟಗಾರರನ್ನು ದೂರವಿಟ್ಟಿತ್ತು. 1989ರಲ್ಲಿ ಮೋ ಜಾನ್‌ಸ್ಟನ್ನನನ್ನು ಸೇರಿಸಿಕೊಂಡಾಗ ನಗರದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಆ ರೇಂಜರ್ಸ್ 1967ರ ಮೇ 31ರಂದು, ಕಪ್ ವಿಜೇತರ ಮತ್ತೊಂದು ಯೂರೋಪಿಯನ್ ಪಂದ್ಯಾವಳಿಯ ಅಂತಿಮದಲ್ಲಿ, ಮ್ಯೂನಿಕ್ಕಿನ ಬಯರ್ನ್ ಸಂಘಕ್ಕೆ ಒಂದು ಗೋಲಿನಿಂದ ಸೋತಿತು. ಮತಭೇದವೇ ಸೋಲಿನ ಕಾರಣವೆಂದು ನಾವು ಹೇಳುವುದಿಲ್ಲ. ಊರಿನ ಅರ್ಧ ಮಕ್ಕಳಿಗೆ ಬಾಗಿಲು ಮುಚ್ಚಿದವನು ತನ್ನ ಬಲವನ್ನು ತಾನೇ ಅರ್ಧಮಾಡಿಕೊಂಡನೆಂದು ಮಾತ್ರ ಹೇಳುತ್ತೇವೆ.

ಇನ್ನು ಮುಂದಿನ ಕಥೆ. 1991-92ರಲ್ಲಿ ಪಂದ್ಯಾವಳಿಯೊಳಗೆ ಗುಂಪುಗಳ ಸುತ್ತು ಬಂದಿತು. 1992ರಲ್ಲಿ ಹೆಸರು ಬದಲಾಯಿತು. 1997ರಿಂದ ದೊಡ್ಡ ದೇಶಗಳಲ್ಲಿ ಎರಡನೆಯವರಾದವರಿಗೂ ಪ್ರವೇಶ ದೊರೆಯಿತು. 1995ರ ಡಿಸೆಂಬರಿನಲ್ಲಿ ಯೂರೋಪಿನ ನ್ಯಾಯಸ್ಥಾನವು ಬೋಸ್ಮನ್ ಎಂಬ ಬೆಲ್ಜಿಯಂ ಆಟಗಾರನ ವ್ಯಾಜ್ಯದಲ್ಲಿ ತೀರ್ಪಿತ್ತು, ಕರಾರು ಮುಗಿದ ಆಟಗಾರನನ್ನು ಹಿಡಿದಿಡಕೂಡದೆಂದೂ, ಒಕ್ಕೂಟದೊಳಗಿನ ದೇಶಗಳ ಆಟಗಾರರಿಗೆ ಸಂಖ್ಯೆಯ ಮಿತಿ ಹಾಕಕೂಡದೆಂದೂ ಹೇಳಿತು. ಇದರ ಪರಿಣಾಮವನ್ನು ಅಂಕೆಗಳೇ ಹೇಳುತ್ತವೆ. 1996ರಿಂದ 2025ರವರೆಗಿನ 30 ಪಂದ್ಯಾವಳಿಗಳಲ್ಲಿ ಸ್ಪೇನು, ಇಂಗ್ಲೆಂಡು, ಇಟಲಿ, ಜರ್ಮನಿಗಳ ಹೊರಗಿನ ಸಂಘವು ಗೆದ್ದದ್ದು ಎರಡೇ ಬಾರಿ: 2004ರಲ್ಲಿ ಪೋರ್ತುಗಲ್ಲಿನ ಪೋರ್ಟೊ, 2025ರಲ್ಲಿ ಕತಾರಿನ ಧನಬಲವುಳ್ಳ ಪ್ಯಾರಿಸ್ಸಿನ ಸಂಘ. ಲಿಸ್ಬನ್ನಿನಲ್ಲಿ ಅಂದು ಕಣಕ್ಕಿಳಿದ ಇಂಟರಿನ ಹನ್ನೊಂದು ಮಂದಿಯೂ ಇಟಲಿಯವರು. ಅದೇ ಇಂಟರ್ 2010ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಕಪ್ಪು ಗೆದ್ದಾಗ ಆಟ ಆರಂಭಿಸಿದ ಹನ್ನೊಂದು ಮಂದಿಯಲ್ಲಿ ಇಟಲಿಯವನು ಒಬ್ಬನೂ ಇರಲಿಲ್ಲ. ಇಷ್ಟಕ್ಕೂ ತೃಪ್ತರಾಗದೆ 2021ರ ಏಪ್ರಿಲಿನಲ್ಲಿ ಹನ್ನೆರಡು ಸಿರಿವಂತ ಸಂಘಗಳು, ಸ್ಥಾಪಕರಾದ ತಮಗೆ ಎಂದಿಗೂ ಹೊರಬೀಳುವ ಭಯವಿಲ್ಲದ ಪ್ರತ್ಯೇಕ ಲೀಗೊಂದನ್ನು ಕಟ್ಟಹೊರಟವು. ಎರೆರಾ ಮಹಾಶಯರು ಗೋಲಿನ ಮುಂದೆ ಹಾಕಿದ ಅಗುಳಿಯನ್ನು ಇವರು ಪಂದ್ಯಾವಳಿಯ ಬಾಗಿಲಿಗೇ ಹಾಕಲೆಳಸಿದರು. ಇಂಗ್ಲೆಂಡಿನ ಸಾಮಾನ್ಯ ಪ್ರೇಕ್ಷಕರು ಬೀದಿಗಿಳಿದು ಕೂಗಿದ್ದರಿಂದ ಕೆಲವೇ ದಿನಗಳಲ್ಲಿ ಆ ಹಂಚಿಕೆ ಮುರಿದುಬಿತ್ತು.

ಎದುರು ಪಕ್ಷದವರ ವಾದವನ್ನೂ ಕೇಳುವುದು ನ್ಯಾಯ. ಕರಾರು ಮುಗಿದರೂ ಆಟಗಾರನನ್ನು ಕಟ್ಟಿಹಾಕುವುದು ಜೀತವೇ ಸರಿ. ಅದನ್ನು ಬಿಡಿಸಿದ ನ್ಯಾಯಸ್ಥಾನವನ್ನು ನಾವು ಕೊಂಡಾಡುತ್ತೇವೆ. ಈಗಿನ ಆಟದ ನೈಪುಣ್ಯವು ಹಿಂದಿನದಕ್ಕಿಂತ ಮೇಲೆಂಬುದನ್ನೂ ಅಲ್ಲಗಳೆಯುವುದಿಲ್ಲ. ನಮ್ಮ ಆಕ್ಷೇಪಣೆಯು ಆಟಗಾರನ ಸ್ವಾತಂತ್ರ್ಯದ ಮೇಲಲ್ಲ, ಸಂಘಗಳ ಸೋಮಾರಿತನದ ಮೇಲೆ. ಕೊಳ್ಳಬಲ್ಲವನು ಬೆಳೆಯುವ ಶ್ರಮವನ್ನು ಬಿಡುತ್ತಾನೆ. ಬೆಳೆದ ಚಿಕ್ಕವನ ಹೊಲವನ್ನು ಪ್ರತಿವರ್ಷವೂ ಕೊಯ್ದುಕೊಂಡು ಹೋಗುತ್ತಾನೆ. 25 ಮಂದಿಯ ಪಟ್ಟಿಯಲ್ಲಿ ಎಂಟು ಮಂದಿಯಾದರೂ ಅದೇ ದೇಶದಲ್ಲಿ ತರಬೇತಾದವರಿರಬೇಕೆಂದು ಯೂರೋಪಿನ ಆಡಳಿತ ಸಂಸ್ಥೆಯು ನಿಯಮಿಸಿದೆ. ಆದರೆ ಅವರನ್ನು ಆಡಿಸಲೇಬೇಕೆಂಬ ಕಟ್ಟಳೆಯಿಲ್ಲ. ಪಟ್ಟಿಯಲ್ಲಿ ಹೆಸರು ಬರೆದು ಬೆಂಚಿನ ಮೇಲೆ ಕೂಡಿಸಿದರೆ ಊರ ಮಕ್ಕಳು ಬೆಳೆದಂತಾಯಿತೇ?

ಇದು ನಮಗೆ ಕೇವಲ ದೂರದ ಸುದ್ದಿಯಲ್ಲ. ಇದೇ ಸೆಲ್ಟಿಕ್ ಸಂಘಕ್ಕೆ 1936ರಲ್ಲಿ ಕಲ್ಕತ್ತೆಯ ಮಹಮದ್ ಸಲೀಂ ಎಂಬ ತರುಣನು ಹೋಗಿ, ಬೂಟಿಲ್ಲದೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಆಡಿ, ಅಲ್ಲಿಯವರನ್ನು ಬೆರಗುಗೊಳಿಸಿದನು. ಮರುವರ್ಷ ಬೆಂಗಳೂರು ಮುಸ್ಲಿಮ್ಸ್ ತಂಡವು ಅಲ್ಲಿಯವರೆಗೆ ಪಟಾಲಮಿನ ತಂಡಗಳ ಪಾಲಾಗಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, 1938ರಲ್ಲಿಯೂ ಅದನ್ನು ಉಳಿಸಿಕೊಂಡಿತು. ಶಕ್ತಿಯು ನಮ್ಮ ಹಿತ್ತಲಲ್ಲಿಯೇ ಇತ್ತು. ಆದರೆ 2014ರಲ್ಲಿ ನಮ್ಮ ದೇಶದ ಹೊಸ ಲೀಗು ಹುಟ್ಟಿದಾಗ ಹಣ ಕೊಟ್ಟು ಹಕ್ಕು ಪಡೆದವರದೇ ತಂಡ. ಸೋತವರು ಕೆಳಗಿಳಿಯುವ ನಿಯಮವೇ ಇರಲಿಲ್ಲ. ಯೂರೋಪಿನ ಜನರು 2021ರಲ್ಲಿ ತಿರಸ್ಕರಿಸಿದ್ದನ್ನು ನಾವು ಏಳು ವರ್ಷ ಮೊದಲೇ ತಲೆಯ ಮೇಲೆ ಹೊತ್ತುಕೊಂಡೆವು.

ಆದುದರಿಂದ ಸಂಘಗಳ ಯಜಮಾನರಿಗೆ ನಾವು ಹೇಳತಕ್ಕದ್ದು ಇಷ್ಟು: ವರ್ಷವೊಂದರಲ್ಲಿ ಹೊರಗಿನವರಿಗೆ ತೆರುವ ಹಣದಲ್ಲಿ ಒಂದು ಭಾಗವನ್ನಾದರೂ ಊರ ಹುಡುಗರಿಗಾಗಿ ತೆಗೆದಿಡಿ. ನಗರಸಭೆಯ ಅಧಿಕಾರಿಗಳಿಗೆ ಹೇಳತಕ್ಕದ್ದು: ಉಳಿದಿರುವ ಮೈದಾನಗಳನ್ನು ಕಟ್ಟಡಗಳಿಗೆ ಬಲಿಕೊಡಬೇಡಿ. ದುಡ್ಡೇ ದೊಡ್ಡಪ್ಪನೆಂದು ಹೇಳುವ ಜನರು ಆ ಗಾದೆಯ ಉತ್ತರಾರ್ಧವನ್ನು ಮರೆಯುತ್ತಾರೆ, ವಿದ್ಯೆ ಅದರಪ್ಪ. ಗಣಿಯಿಂದ ಬಂದ ಗುರುವೊಬ್ಬರು ಊರ ಮಕ್ಕಳಿಗೆ ಕಲಿಸಿದ ವಿದ್ಯೆಯು ಲಿಸ್ಬನ್ನಿನ ಆ ಸಂಜೆ ದುಡ್ಡಿನ ಅಗುಳಿಯನ್ನು ಮುರಿಯಿತು. ಕಲಿಸುವವರು ಸಿಕ್ಕಿದರೆ ನಮ್ಮ ಮಕ್ಕಳಿಂದಲೂ ಅದು ಆಗದ ಕೆಲಸವಲ್ಲ.