ಬೂಟು ಓಡೂದಿಲ್ಲ, ನೀವು ಓಡಬೇಕು

ಭಾಗ 1/7 : ಈ ಬೂಟಿನ ಕತಿ

ಫೋಟೋದಾಗಿನ ಬೂಟು ನೋಡಿ "ಯಾವ ಮಾಡೆಲ್, ಲಿಂಕ್ ಕಳಸು" ಅಂತ ಡಿಎಂ ಮಾಡಬ್ಯಾಡ್ರಿ. ಅದು ಫಸ್ಟ್ ಕಾಪಿ. ನಮ್ಮ ದೊಡ್ಡವ್ವನ ಮಗ, ಅಂದ್ರ ನಮ್ಮ ಅಣ್ಣಂದು. 1,800 ರೂಪಾಯಿ. ಅದರಾಗ ಅರ್ಧ ರೊಕ್ಕ ನನ್ನ ಸ್ಕಾಲರ್‌ಶಿಪ್‌ದು.

ಅಣ್ಣ ಅಗ್ನಿವೀರ್ ಭರ್ತಿಗೆ ತಯಾರಿ ಮಾಡಾಕತ್ತಿದ್ದ. ನಮ್ಮ ಕಡೆ ಇದೇನು ಹೊಸಾದಲ್ಲ. ಬೈಲಹೊಂಗಲ ಇರಲಿ, ಕಿತ್ತೂರು, ಸವದತ್ತಿ, ರಾಮದುರ್ಗ ಇರಲಿ, ನಸುಕಿನ ಐದಕ್ಕ ಊರ ಹೊರಗಿನ ರೋಡಿಗೆ ಬರ್ರಿ, ಓಡೂ ಹುಡುಗರು ಕಾಣತಾರ. ಫೋನಿನ ಟಾರ್ಚ್ ಹಚ್ಚಿಕೊಂಡು, ಸ್ಟಾಪ್‌ವಾಚ್ ಹಿಡಕೊಂಡು, ಎಲ್ಲಾರದೂ ಒಂದ ಲೆಕ್ಕ: 1600 ಮೀಟರ್. ಅಣ್ಣನೂ ಅವರಾಗ ಒಬ್ಬ. ದಿನಾ ಓಡ್ತಿದ್ದ, ದಿನಾ ಫುಲ್ ಸ್ಪೀಡ್. ಮೂರನೇ ವಾರಕ್ಕ ಮೊಣಕಾಲ ಕೆಳಗ, ಮುಂದಿನ ಎಲುಬು ನೋಯಾಕ ಶುರು ಆತು. ನಾ ಏನ್ ಮಾಡಿದೆ ಗೊತ್ತೇನು? "ನೋವು ಅನ್ನೋದು ದೌರ್ಬಲ್ಯ ಹೊರಗ ಹೋಗೂದು" ಅನ್ನೋ ಥರದ ಒಂದು ರೀಲ್ ಕಳಿಸಿದೆ. ಬೆಂಕಿ ಎಮೋಜಿ ಹಾಕಿ.

ಎರಡು ತಿಂಗಳ ಮ್ಯಾಲ ಅವನಿಗೆ ಮೆಟ್ಟಲಾ ಇಳಿಯಾಕ ಬರಲಿಲ್ಲ. ಎಲುಬಿನ್ಯಾಗ ಕೂದಲ ಎಳಿಯಷ್ಟು ಸೀಳು ಬಿಟ್ಟೈತಿ ಅಂದ್ರು ಡಾಕ್ಟರ್. ರ್‍ಯಾಲಿ ಬಂತು, ಹೋತು. ಅಣ್ಣಗ 21 ಮುಗೀತು. ಅಗ್ನಿವೀರ್‌ಗೆ ಆವಾಗ ವಯಸ್ಸಿನ ಮಿತಿ ಅಷ್ಟ ಇತ್ತು.

ಅದಕ್ಕ ಈ ಸೀರೀಸ್ ಬರಿಯಾಕತ್ತೀನಿ. ನಮಗ ಎರಡು ಸುಳ್ಳು ಮಾರಾಕತ್ತಾರ. ಒಂದು: ಛಲೋ ಬೂಟು ತಗೊಂಡ್ರ ಓಟ ಬರತೈತಿ. ಎರಡು: ದಿನಾ ಸಾಯೂ ಹಂಗ ಓಡಿದವನ ಗೆಲ್ಲತಾನ. ಎರಡನ್ನೂ ನಾ ನಂಬಿದ್ದೆ. ಸ್ವೈಪ್ ಮಾಡ್ರಿ.

ಭಾಗ 2/7 : ಬಿ.ಕಾಂ. ಲೆಕ್ಕ

ಕ್ಲಾಸಿನ್ಯಾಗ ಸವಕಳಿ ಕಲಿತೇವಲ್ಲ, ಡಿಪ್ರಿಸಿಯೇಷನ್? ಅದನ್ನ ಮಷಿನಿಗೆ ಅಷ್ಟ ಅಲ್ಲ, ಬೂಟಿಗೂ ಹಾಕ್ರಿ. ಬೂಟಿನ ಆಯುಷ್ಯ ವರ್ಷದಾಗ ಎಣಿಸೂದಲ್ಲ, ಕಿಲೋಮೀಟರ್‌ನ್ಯಾಗ ಎಣಿಸೂದು. ಸಾಧಾರಣ ಒಳ್ಳೇ ರನ್ನಿಂಗ್ ಶೂ 500 ರಿಂದ 800 ಕಿ.ಮೀ. ಬರತೈತಿ ಅಂತ ಓಟಗಾರರು ಹೇಳತಾರ. ನಾವು 600 ಹಿಡಿಯೋಣ.

2,500 ರೂಪಾಯಿ ಬೂಟು, 600 ಕಿ.ಮೀ. ಅಂದ್ರ ಕಿ.ಮೀ.ಗೆ ನಾಕು ರೂಪಾಯಿ ಚಿಲ್ರೆ.

ಅಣ್ಣನ ಫಸ್ಟ್ ಕಾಪಿ: 1,800 ರೂಪಾಯಿ. ದಿನಾ ಎರಡೂವರಿ ಕಿ.ಮೀ., ಎರಡು ತಿಂಗಳು, ಒಟ್ಟು 150 ಕಿ.ಮೀ. ಅಷ್ಟರಾಗ ಸೋಲ್ ಒಂದು ಕಡೆ ಕುಸಿದು ರೊಟ್ಟಿ ಆತು. ಕಿ.ಮೀ.ಗೆ 12 ರೂಪಾಯಿ. ಸೋವಿ ಅಂತ ತಗೊಂಡದ್ದು ಮೂರು ಪಟ್ಟು ತುಟ್ಟಿ ಬಿತ್ತು. ಡಾಕ್ಟರ್ ಫೀಸು, ಎಕ್ಸ್‌ರೇ ಇದರಾಗ ಸೇರಿಸಿಲ್ಲ. ತಪ್ಪಿದ ರ್‍ಯಾಲಿನ ಯಾವ ಖಾತೆಗೆ ಬರಿಯೂದು ಅಂತ ನನಗ ಯಾವ ಪುಸ್ತಕನೂ ಹೇಳಿಕೊಟ್ಟಿಲ್ಲ.

ಈಗ ನಿಮ್ಮ ಕನಸಿನ ಕಾರ್ಬನ್ ಪ್ಲೇಟ್ ಬೂಟು. 22,000 ಅಂತ ಇಟ್ಕೋರಿ. ಅದರ ಫೋಮ್ ಹಗುರ, ಲಗೂನ ಸವಿತೈತಿ, 300 ಕಿ.ಮೀ. ಹಿಡಿಯೋಣ. ಕಿ.ಮೀ.ಗೆ 73 ರೂಪಾಯಿ. ಬೈಲಹೊಂಗಲದಿಂದ ಬೆಳಗಾವಿಗೆ ಬಸ್ಸಿನ್ಯಾಗ ಹೋದ್ರೂ ಕಿ.ಮೀ.ಗೆ ಅಷ್ಟು ಬೀಳೂದಿಲ್ಲ!

ಇಎಂಐ ಮ್ಯಾಲ ತಗೊಂಡೀನಿ ಅನ್ನಾವರು ಬಡ್ಡಿನೂ ಕೂಡಿಸ್ರಿ. ನಿಮ್ಮ ಅಪ್ಪ ಕಬ್ಬಿನ ಬಿಲ್ಲಿಗೆ ಕಾಯಾಕತ್ತಾನ, ನೀವು ಬೂಟಿನ ಕಂತು ಕಟ್ಟಾಕತ್ತೀರಿ. ಇದು ಫಿಟ್‌ನೆಸ್ ಅಲ್ಲ, ಸಾಲ.

ಭಾಗ 3/7 : "ಆದ್ರ ಕಿಪ್ಚೋಗೆ ಅದನ್ನ ಹಾಕತಾನಲ್ಲ"

ಹಾಕತಾನ. 2019 ರಾಗ ವಿಯೆನ್ನಾದಾಗ 1 ಗಂಟೆ 59 ನಿಮಿಷ 40 ಸೆಕೆಂಡಿನ್ಯಾಗ ಮ್ಯಾರಥಾನ್ ದೂರ ಮುಗಿಸಿದಾಗ ಕಾಲಾಗ ಅಂಥಾದ್ದ ಬೂಟು ಇತ್ತು. ಅದು ಕೆಲಸ ಮಾಡೂದಿಲ್ಲ ಅಂತ ನಾ ಅನ್ನೂದಿಲ್ಲ. ಮೊದಲನೇ ಪರೀಕ್ಷೆಯಾಗ ಓಟಗಾರರ ಶಕ್ತಿ ಸುಮಾರು 4% ಉಳಿದಿತ್ತು. ಆದ್ರ ಆ ಪರೀಕ್ಷೆ ಮಾಡಿದ್ದು ತಾಸಿಗೆ 14, 16, 18 ಕಿ.ಮೀ. ಓಡಾವರ ಮ್ಯಾಲ. ನಾವು ಓಡೂದು ತಾಸಿಗೆ ಎಂಟೋ ಒಂಬತ್ತೋ. ವೇಗ ಕಡಿಮಿ ಆದಂಗ ಆ ಲಾಭನೂ ಕಡಿಮಿ ಆಕ್ಕೈತಿ.

ನಮ್ಮ ಜಿಲ್ಲೆಯವನ ಲೆಕ್ಕ ಹೇಳತೀನಿ ಕೇಳ್ರಿ. ಬೆಳಗಾವಿಯ ಫಡೆಪ್ಪ ಚೌಗುಲೆ. 1920 ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ್ಯಾಗ ಭಾರತದ ಪರವಾಗಿ ಮ್ಯಾರಥಾನ್ ಓಡಿದಾಂವ. ಆ ವರ್ಷ ಮ್ಯಾರಥಾನ್ 42.75 ಕಿ.ಮೀ. ಇತ್ತು, ಈಗಿನಕಿಂತ ಉದ್ದ. 2 ಗಂಟೆ 50 ನಿಮಿಷ 45 ಸೆಕೆಂಡ್, 19 ನೇ ಸ್ಥಾನ. ಭಾಗಿಸಿ ನೋಡ್ರಿ: ಕಿ.ಮೀ.ಗೆ ಸರಾಸರಿ 4 ನಿಮಿಷ. ಫೋಮ್ ಇಲ್ಲ, ಜೆಲ್ ಇಲ್ಲ, ಜಿಪಿಎಸ್ ವಾಚ್ ಇಲ್ಲ. ನೂರು ವರ್ಷದ ಹಿಂದ. ನಮ್ಮಾಗ ಎಷ್ಟು ಮಂದಿಗೆ ಅವನ ಹೆಸರು ಗೊತ್ತೈತಿ? ಬೂಟಿನ ಮಾಡೆಲ್ ನಂಬರ್ ಮಾತ್ರ ಬಾಯಿಪಾಠ.

ಇನ್ನೊಂದು ಗುಂಪೈತಿ: "ಬರಿಗಾಲ ಛಲೋ, ನಮ್ಮ ಹಿರಿಯಾರು ಬೂಟು ಹಾಕಿದ್ರೇನು?" ಅವರು ಅಬೆಬೆ ಬಿಕಿಲಾನ ಹೆಸರು ತಗೋತಾರ. ಹೌದು, 1960 ರಾಗ ರೋಮ್‌ನ್ಯಾಗ ಬರಿಗಾಲಲೇ ಓಡಿ ಬಂಗಾರ ಗೆದ್ದ, 2:15:16. ಆದ್ರ ಕತಿ ಅರ್ಧಕ್ಕ ಬಿಡಬ್ಯಾಡ್ರಿ. 1964 ರಾಗ ಟೋಕಿಯೋದಾಗ ಬೂಟು ಹಾಕ್ಕೊಂಡು ಓಡಿದ, 2:12:11. ಮತ್ತ ಬಂಗಾರ, ಮೂರು ನಿಮಿಷ ಬೇಗ. ಅಂದ್ರ ಬರಿಗಾಲೂ ಮಂತ್ರ ಅಲ್ಲ, ಬೂಟೂ ಮಂತ್ರ ಅಲ್ಲ. ಎರಡೂ ಸಲ ಓಡಿದ್ದು ವರ್ಷಗಟ್ಟಲೆ ತಯಾರಾದ ಅದ ಕಾಲು. ಹುಟ್ಟಿದಾಗಿಂದ ಚಪ್ಪಲಿ ಹಾಕ್ಕೊಂಡು ಬೆಳೆದ ನೀವು ನಾಳೆ ಜಾಲಿ ಮುಳ್ಳಿನ ದಾರಿಯಾಗ ಬರಿಗಾಲಲೇ ಹತ್ತು ಕಿ.ಮೀ. ಓಡಿದ್ರ ಸಿಗೂದು ಬಂಗಾರ ಅಲ್ಲ, ಟಿಟಿ ಇಂಜೆಕ್ಷನ್.

ಭಾಗ 4/7 : ಹಂಗಾರ ಏನ ತಗೋಬೇಕು?

ಬೂಟು ಬೇಕು. ಒಂದ ಜೋಡಿ. ಸಂಜಿಮುಂದ ಅಂಗಡಿಗೆ ಹೋಗ್ರಿ, ಆವಾಗ ಕಾಲು ಸ್ವಲ್ಪ ಉಬ್ಬಿರತೈತಿ, ಓಡುವಾಗ ಉಬ್ಬೂ ಹಂಗ. ನೀವು ಹಾಕೂ ಸಾಕ್ಸ್ ಹಾಕ್ಕೊಂಡ ಹೋಗ್ರಿ. ಉದ್ದನ ಬೆರಳಿನ ಮುಂದ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು. ಹಿಮ್ಮಡಿ ಒಳಗ ಜಾರಬಾರದು. ಅಂಗಡ್ಯಾಗ ನಾಚಿಕಿ ಬಿಟ್ಟು ನಾಕು ಹೆಜ್ಜಿ ಓಡಿ ನೋಡ್ರಿ. "ಹಾಕಿಂದ ಹಾಕಿಂದ ಸಡ್ಲ ಆಕ್ಕೈತಿ" ಅಂತ ಅಂದ್ರ ಇಟ್ಟು ಬರ್ರಿ. ಚರ್ಮದ ಚಪ್ಪಲಿ ಸಡ್ಲ ಆಕ್ಕೈತಿ, ರನ್ನಿಂಗ್ ಶೂ ಆಗೂದಿಲ್ಲ. ಬಣ್ಣ ನೋಡಿ ತಗೊಂಡ ಬೂಟು ಫೋಟೋಕ್ಕ ಛಲೋ, ಉಗುರು ಕಪ್ಪಾಗಾಕೂ ಛಲೋ.

ವಾಚ್ ಬ್ಯಾಡ. ಕಿಸೆದಾಗಿನ ಫೋನ್ ಸಾಕು, ಅದೂ ಮೊದಲನೇ ತಿಂಗಳು ಬ್ಯಾಡ.

ಭಾಳ ಮಂದಿ ತಗೊಳ್ಳಲಾರದ ಒಂದು ಸಾಮಾನು ಹೇಳತೀನಿ: ರೇಡಿಯಂ. ಗಾಡಿಗೆ ಸ್ಟಿಕರ್ ಹಚ್ಚೂ ಅಂಗಡ್ಯಾಗ ಒಂದು ಪಟ್ಟಿ ಕೊಯ್ಸಿಕೊಂಡು ಟೀಶರ್ಟಿನ ಬೆನ್ನಿಗೆ, ಬೂಟಿನ ಹಿಂದ ಹಚ್ಚಿರಿ. ಕಬ್ಬಿನ ಸೀಜನ್ನಿನ್ಯಾಗ ನಸುಕಿನ್ಯಾಗ ನಮ್ಮ ರೋಡು ಹೆಂಗಿರತಾವ ನಿಮಗ ಗೊತ್ತೈತಿ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಹಿಂದ ಲೈಟಿಲ್ಲ, ಡ್ರೈವರ್‌ಗೆ ರಾತ್ರಿಯೆಲ್ಲಾ ನಿದ್ದಿ ಇಲ್ಲ. ಎದುರು ಬರೂ ಗಾಡಿ ಕಾಣೂ ಹಂಗ ಬಲಗಡೆ ಓಡ್ರಿ. ಕಿವಿಯಾಗಿನ ಇಯರ್‌ಬಡ್ಸ್ ತಗೀರಿ. 22,000 ದ ಬೂಟು ನಿಮ್ಮನ್ನ ಟ್ರೇಲರ್‌ನಿಂದ ಉಳಸೂದಿಲ್ಲ, ರೇಡಿಯಂ ಪಟ್ಟಿ ಉಳಸಬಹುದು.

ಭಾಗ 5/7 : ನಿಧಾನ ಓಡೂದು ನಾಚಿಕಿ ಅಲ್ಲ

ಇದನ್ನ ಸೇವ್ ಮಾಡಿಟ್ಕೋರಿ. ಭರ್ತಿಗೆ ಓಡಾವರು ಎರಡು ಸಲ ಓದ್ರಿ.

ಗುರಿ ಮೊದಲು. ಅಗ್ನಿವೀರ್ ಭರ್ತಿಯಾಗ 1600 ಮೀಟರ್ 5 ನಿಮಿಷ 30 ಸೆಕೆಂಡಿನೊಳಗ ಮುಗಿಸಿದ್ರ ಓಟದ ಪೂರ್ತಿ 60 ಅಂಕ. ಅಂದ್ರ 400 ಮೀಟರಿನ ಒಂದು ಸುತ್ತಿಗೆ 82 ಸೆಕೆಂಡ್. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್‌ಗೆ ಗಂಡಸರಿಗೆ ಅದ 1600 ಮೀಟರ್, 6 ನಿಮಿಷ 30 ಸೆಕೆಂಡ್. ಸುತ್ತಿಗೆ 97 ಸೆಕೆಂಡ್. ಇದನ್ನ ಸಾಧಿಸಾಕ ದಿನಾ ಪರೀಕ್ಷೆ ಬರೀಬೇಕಾಗಿಲ್ಲ. ಸೆಮಿಸ್ಟರಿನ್ಯಾಗ ದಿನಾ ಮೂರು ತಾಸು ಎಕ್ಸಾಂ ಬರದು ಯಾರರೆ ಪಾಸಾಗ್ಯಾರೇನು? ಓದಿ ಪಾಸಾಗತಾರ. ಓಟದಾಗ ಓದೂದು ಅಂದ್ರ ನಿಧಾನ ಓಡೂದು.

ಯಾಕ? ಹೃದಯ, ಉಸಿರು ಕೆಲವು ವಾರದಾಗ ಸುಧಾರಿಸತಾವ. ಎಲುಬು, ನರ, ಕೀಲು ಗಟ್ಟಿ ಆಗಾಕ ತಿಂಗಳುಗಟ್ಟಲೆ ಬೇಕು. ಮೂರನೇ ವಾರಕ್ಕ ಎದಿ "ಇನ್ನೂ ಜೋರ ಹೋಗು" ಅಂತೈತಿ, ಎಲುಬು ಇನ್ನೂ ತಯಾರಿರೂದಿಲ್ಲ. ಅಣ್ಣನ ಕಾಲು ಹೋದದ್ದು ಇದ ಸಂದಿನ್ಯಾಗ. ಬೂಟು ಅರ್ಧ ಕಾರಣ, ಅವಸರ ಪೂರ್ತಿ ಕಾರಣ.

ವಾರದ ಲೆಕ್ಕ ಹಿಂಗ ಇಡ್ರಿ. ಮೂರು ದಿನ ನಿಧಾನ ಓಟ, 20 ರಿಂದ 30 ನಿಮಿಷ. ಗೆಳತಿ ಜೋಡಿ ಪೂರಾ ವಾಕ್ಯ ಮಾತಾಡಾಕ ಬರಬೇಕು. ಏದುಸಿರು ಬಂದ್ರ ಜೋರಾತು, ಇಳಸ್ರಿ. ಒಂದು ದಿನ ಜೋರ: ಗುರಿಯ ವೇಗದಾಗ 400 ಮೀಟರ್, ಆಮ್ಯಾಲ ಎರಡು ಮೂರು ನಿಮಿಷ ನಡಿಗಿ, ಹಿಂಗ ನಾಕು ಸಲ. ಒಂದು ದಿನ ಉದ್ದನ ಓಟ, ಅದೂ ನಿಧಾನ. ಎರಡು ದಿನ ಪೂರಾ ವಿಶ್ರಾಂತಿ. ಒಟ್ಟು ದೂರ ವಾರಕ್ಕ ಹತ್ತರಾಗ ಒಂದು ಪಾಲಿನಕಿಂತ ಹೆಚ್ಚ ಏರಿಸಬ್ಯಾಡ್ರಿ. ಡಾಂಬರಿನಕಿಂತ ಮಣ್ಣಿನ ದಾರಿ ಕಾಲಿಗೆ ಮೆತ್ತಗ. ಮಳಿಗಾಲದಾಗ ಮಾತ್ರ ನಮ್ಮ ಎರಿ ಮಣ್ಣು ಬೂಟಿಗೆ ಅಂಟಿ ಒಂದೊಂದು ಕಾಲು ಎರಡೆರಡು ಕಿಲೋ ಆಕ್ಕೈತಿ, ಆವಾಗ ರೋಡ ಗತಿ.

ನೋವಿನ ನಿಯಮ: ಮೀನಖಂಡ ಮೈಕೈ ಭಾರ ಅನ್ನಿಸಿದ್ರ ಓಡಬಹುದು. ಎಲುಬಿನ ಮ್ಯಾಲ ಬೆರಳಿಟ್ಟು ಒತ್ತಿದಾಗ ಒಂದ ಜಾಗದಾಗ ಚುರ್ ಅಂದ್ರ ನಿಲ್ಲಸ್ರಿ. ಅದು ನಿಮ್ಮ ದೌರ್ಬಲ್ಯ ಅಲ್ಲ, ಎಲುಬು ಕೊಡೂ ನೋಟಿಸ್.

ಯಲ್ಲಮ್ಮನ ಗುಡ್ಡಕ್ಕ ನಡಕೋತ ಹೋಗಾವರನ್ನ, ಯುಗಾದಿ ಮುಂದ ಶ್ರೀಶೈಲಕ್ಕ ಪಾದಯಾತ್ರಿ ಹೊಂಟಾವರನ್ನ ನೋಡ್ರಿ. ಮೊದಲನೇ ದಿನ ಯಾರೂ ಓಡೂದಿಲ್ಲ. ದೂರ ಹೋಗೂದು ಹೆಂಗ ಅನ್ನೋದು ನಮ್ಮ ಅಜ್ಜಿಗೆ ಗೊತ್ತಿತ್ತು, ರೀಲ್ ನೋಡಿ ನಾವು ಮರತೇವಿ.

ಭಾಗ 6/7 : ಜೆಲ್ಲು, ಪೌಡರು, ಕರದಂಟು

ಎನರ್ಜಿ ಜೆಲ್ ಅಂದ್ರ ಮೂಲದಾಗ ಸಕ್ಕರಿ, ಸ್ವಲ್ಪ ಉಪ್ಪು, ಭಾಳ ಪ್ಯಾಕಿಂಗ್. ಒಂದು ತಾಸಿನಕಿಂತ ಕಡಿಮಿ ಓಡಾವರಿಗೆ ಓಟದ ನಡುವ ಏನೂ ಬೇಕಾಗಿಲ್ಲ. ಬೆವರು ಭಾಳ ಹೋದ್ರ ಒಂದು ಲೀಟರ್ ನೀರಿಗೆ ಆರು ಸಪಾಟ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು, ಮ್ಯಾಲ ಲಿಂಬಿ ಹಿಂಡ್ರಿ. ಓಡೂ ಮೊದಲ ಒಂದು ಬಾಳಿಹಣ್ಣು. ಗೋಕಾಕದ ಕರದಂಟು ಮಾತ್ರ ಓಡೂ ಮೊದಲ ತಿನ್ನಬ್ಯಾಡ್ರಿ, ತುಪ್ಪ ಐತಿ, ಹೊಟ್ಟಿ ಭಾರ ಆಕ್ಕೈತಿ. ಓಡಿ ಬಂದಮ್ಯಾಲ ಎರಡು ತುಂಡು ತಿನ್ನರಿ, ಯಾರು ಬ್ಯಾಡಂತಾರ! ಪ್ರೋಟೀನ್ ಡಬ್ಬಿ ತಗೊಳ್ಳೂ ಮೊದಲ ಮನ್ಯಾಗಿನ ಡಬ್ಬಿ ತಗೀರಿ: ಶೇಂಗಾ ಹಿಂಡಿ, ಮಡಿಕಿಕಾಳು, ಮೊಸರು, ರೊಟ್ಟಿ. ಮತ್ತ ರಾತ್ರಿ ಒಂದರ ತನಕಾ ಸ್ಕ್ರೋಲ್ ಮಾಡಿ ನಾಕೂವರಿಗೆ ಎದ್ದು ಓಡೂದು ಶಿಸ್ತಲ್ಲ. ಎಲುಬು ಕೂಡೂದು ನಿದ್ದಿಯಾಗ.

ಭಾಗ 7/7 : ಹುಡುಗ್ಯಾರ ಗೇರ್

ಇದನ್ನ ಬರೀಲೋ ಬ್ಯಾಡೋ ಅಂತ ಮೂರು ದಿನ ವಿಚಾರ ಮಾಡಿದೆ. ಹುಡುಗರು ಬೂಟಿನ ಮೂರನೇ ಜೋಡಿ ತಗೋತಾರ. ಹುಡುಗ್ಯಾರಿಗೆ ಓಟಕ್ಕ ಮೊದಲ ಬೇಕಾದದ್ದು ಸರಿಯಾದ ಸ್ಪೋರ್ಟ್ಸ್ ಬ್ರಾ. ಅದನ್ನ ಮನ್ಯಾಗ ಕೇಳಾಕ ನಾಚಿಕಿ, ಅಂಗಡ್ಯಾಗ ಕೇಳಾಕ ಅದಕಿಂತ ನಾಚಿಕಿ. ಅದಿಲ್ಲದ ಎದಿ ನೋವಾಗಿ "ನಮಗ ಓಟ ಬರೂದಿಲ್ಲ" ಅಂತ ಬಿಟ್ಟಾವರು ಎಷ್ಟು ಮಂದಿ! ನಾನೂ ಒಂದು ವರ್ಷ ಬಿಟ್ಟಿದ್ದೆ. ಕೇಳ್ರಿ. ಅವ್ವಗ ಹೇಳ್ರಿ. ಇದು ಫ್ಯಾಶನ್ ಅಲ್ಲ.

ಎರಡನೇ ಗೇರ್ ಬೆಳಕು. ಮೂರನೇದು ಮತ್ತೊಬ್ಬಾಕಿ. ಅಣ್ಣ ಕತ್ತಲಾಗ ಒಬ್ಬನ ಓಡಿದ್ರ ಮನ್ಯಾಗ ಹೆಮ್ಮಿ, ನಾ ಓಡಿದ್ರ "ಯಾರ ನೋಡಿದ್ರ?" ಇದು ಚೆನ್ನಮ್ಮನ ಸಮಾಧಿ ಇರೂ ಊರು. ಅಕ್ಟೋಬರ್ ಬಂತಂದ್ರ ಕಿತ್ತೂರ ಉತ್ಸವಕ್ಕ ರಾಣಿ ಕುದುರಿ ಮ್ಯಾಲ ಕೂತ ಫೋಟೋ ಸ್ಟೇಟಸ್ ಇಡತೇವಿ. ಆಕೀ ಊರಿನ ಹುಡುಗ್ಯಾರು ನಸುಕಿನ್ಯಾಗ ಎರಡು ಕಿ.ಮೀ. ಓಡಾಕ ಲೈಟ್ ಇರೂ ದಾರಿ ಹುಡುಕಬೇಕು. ಪೊಲೀಸ್ ಭರ್ತಿಗೆ ಹುಡುಗ್ಯಾರು 400 ಮೀಟರ್ ಎರಡು ನಿಮಿಷದಾಗ ಓಡಬೇಕು. ಓಡಾಕ ಬರತೈತಿ. ಓಡಾಕ ಜಾಗ ಕೊಡ್ರಿ. ಬೂಟಿನ ಜಾಹೀರಾತಿಗೆ ಲೈಕ್ ಒತ್ತೂ ಬೆರಳಿಲೆ ಗ್ರೌಂಡಿಗೆ ದೀಪ ಬೇಕು ಅಂತ ಒಂದು ಅರ್ಜಿ ಬರೀರಿ. ನಾ ಬರದೀನಿ. ಸಹಿ ಹಾಕಾವರು ಡಿಎಂ ಮಾಡ್ರಿ.

ಅಣ್ಣ ಈಗ ನಡಿಯಾಕತ್ತಾನ. ಪೊಲೀಸ್ ಭರ್ತಿಗೆ ಅವನಿಗೆ ಇನ್ನೂ ವಯಸ್ಸೈತಿ. ಹೋದ ರವಿವಾರ ಐದು ನಿಮಿಷ ಓಟ, ಐದು ನಿಮಿಷ ನಡಿಗಿ, ನನ್ನ ಜೋಡಿ. ನಡುವ ಹುಡುಗರ ಗುಂಪೊಂದು ನಮ್ಮನ್ನ ದಾಟಿ ಜೋರ ಹೋತು, ಒಬ್ಬ ತಿರುಗಿ ನಕ್ಕ. ಅಣ್ಣನ ಕಾಲು ತಾನ ಜೋರ ಆಗಾಕತ್ತಿದ್ವು. ನಾ ಅವನ ಅಂಗಿ ಹಿಡದು ಜಗ್ಗಿದೆ. "ಮಾತಾಡು" ಅಂದೆ. ಮಾತಾಡಿದ. ಅಂದ್ರ ವೇಗ ಸರಿ ಐತಿ.

ಬರೂ ರವಿವಾರ ಐದೂವರಿಗೆ. ಯಾವ ಬೂಟಿದ್ರೂ ನಡೀತೈತಿ, ರೇಡಿಯಂ ನಾ ತರತೀನಿ.

#ನಿಧಾನಓಟ #ಬೈಲಹೊಂಗಲ #ಕಿತ್ತೂರುನಾಡು #ಗ್ರೌಂಡಿಗೆದೀಪಬೇಕು