ತೇಲುವ ಮನೆಗೆ ಬಾಡಿಗೆಯಿಲ್ಲ, ನಿರ್ವಹಣೆಯುಂಟು

ಬ್ರಿಟನ್ನಿಗೆ ಎಂ.ಎಸ್ಸಿ. ಮಾಡಲು ಹೊರಟವರ ಮಾತುಕತೆಯಲ್ಲಿ ಕಾಲೇಜು ಶುಲ್ಕದಷ್ಟೇ ಜೋರಾಗಿ ಚರ್ಚೆಯಾಗುವ ವಿಷಯ ಬಾಡಿಗೆ. ಲಂಡನ್ನಿನ ಒಂದು ಪುಟ್ಟ ಕೋಣೆಯ ಬಾಡಿಗೆ ಕೇಳಿದರೆ ಊರಿನಲ್ಲಿರುವ ಅಪ್ಪ ಅಮ್ಮ ಬೆಚ್ಚಿಬೀಳುತ್ತಾರೆ. ಅಂಥ ಹೊತ್ತಿನಲ್ಲೇ ಮೊಬೈಲಿನಲ್ಲಿ ಒಂದು ರೀಲ್ ಬಂದುಬಿಡುತ್ತದೆ. ಹಸಿರು ದಂಡೆಯ ಕಾಲುವೆ, ಬಣ್ಣ ಬಳಿದ ಉದ್ದನೆಯ ದೋಣಿ, ಒಳಗೆ ಹಾಸಿಗೆ, ಅಡುಗೆಮನೆ, ಮೂಲೆಯಲ್ಲಿ ಉರಿಯುವ ಒಲೆ. ಇದೇ ನ್ಯಾರೋಬೋಟ್. ‘ಬಾಡಿಗೆ ಕಟ್ಟುವ ಬದಲು ಇದನ್ನೇ ಕೊಂಡರೆ ಹೇಗೆ?’ ಎಂಬ ಯೋಚನೆ ಬರುವುದು ಸಹಜ.

ದೂರದ ಬೆಟ್ಟ ನುಣ್ಣಗೆ. ಈ ದೋಣಿಗಳ ಬಗ್ಗೆ ಓದುತ್ತಾ ಹೋದಂತೆ ನನಗೆ ಅನಿಸಿದ್ದು ಇಷ್ಟು: ನ್ಯಾರೋಬೋಟ್ ಅಗ್ಗದ ಮನೆಯಲ್ಲ, ಮನುಷ್ಯ ವಾಸಿಸುವ ಒಂದು ಯಂತ್ರ. ಅದರ ಬಾಡಿಗೆಯನ್ನು ಹಣದಲ್ಲಿ ಸ್ವಲ್ಪ, ಕೈಕೆಲಸದಲ್ಲಿ ಬಹಳ ಕಟ್ಟಬೇಕು. ಕಟ್ಟದಿದ್ದರೆ ಮನೆ ಮಾಲೀಕರು ಬಂದು ಬಾಗಿಲು ಬಡಿಯುವುದಿಲ್ಲ, ಮನೆಯೇ ಮುಳುಗುತ್ತದೆ.

ಏಳು ಅಡಿಯ ಲೆಕ್ಕ

ಈ ದೋಣಿಗಳು ಯಾಕೆ ಇಷ್ಟು ಕಿರಿದು? ಉತ್ತರ 18ನೇ ಶತಮಾನದಲ್ಲಿದೆ. ರೈಲು ಬರುವ ಮುನ್ನ ಕಲ್ಲಿದ್ದಲು, ಜೇಡಿಮಣ್ಣು, ಪಿಂಗಾಣಿ ಸಾಗಿಸಲು ಇಂಗ್ಲೆಂಡಿನಲ್ಲಿ ಕಾಲುವೆ ತೋಡಿದರು. ಆ ಕೆಲಸದ ಮುಂಚೂಣಿಯಲ್ಲಿದ್ದವರು ಜೇಮ್ಸ್ ಬ್ರಿಂಡ್ಲಿ. 1777ರಲ್ಲಿ ಪೂರ್ಣಗೊಂಡ ಟ್ರೆಂಟ್ ಅಂಡ್ ಮರ್ಸಿ ಕಾಲುವೆಯ ಎಂಜಿನಿಯರ್ ಅವರೇ, ಆದರೆ ಅದು ಮುಗಿಯುವುದನ್ನು ನೋಡಲು ಅವರು ಇರಲಿಲ್ಲ, 1772ರಲ್ಲೇ ತೀರಿಕೊಂಡಿದ್ದರು. ನೀರು ಮತ್ತು ಖರ್ಚು ಉಳಿಸಲು ಮಧ್ಯ ಇಂಗ್ಲೆಂಡಿನ ಲಾಕ್‌ಗಳನ್ನು ಸುಮಾರು ಏಳು ಅಡಿ ಅಗಲಕ್ಕೆ ಕಟ್ಟಲಾಯಿತು. ಲಾಕ್ ಎಂದರೆ ದೋಣಿಯನ್ನು ಏರಿಸಿ ಇಳಿಸುವ ನೀರಿನ ಮೆಟ್ಟಿಲು. ಅದರೊಳಗೆ ಹಿಡಿಯಬೇಕಾದ್ದರಿಂದ ದೋಣಿಯ ಅಗಲ ಇಂದಿಗೂ 6 ಅಡಿ 10 ಇಂಚು. ಉದ್ದ 70 ಅಡಿ ದಾಟಬಹುದು, ಆದರೆ ಹೆಚ್ಚಿನ ಕಾಲುವೆಗಳಲ್ಲಿ ಅಡ್ಡಿಯಿಲ್ಲದೆ ಓಡಾಡಬೇಕೆಂದರೆ 57 ಅಡಿಯದು ಅನುಕೂಲ ಎಂಬ ಮಾತಿದೆ. ಅಂದರೆ ಒಂದು ಓಣಿಯನ್ನು ಮನೆ ಮಾಡಿಕೊಂಡು ಬದುಕಿದ ಹಾಗೆ.

ಕೊಳ್ಳುವ ಮುನ್ನ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ನೋಡಿಕೊಳ್ಳುತ್ತಿರುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್. ಅಲ್ಲಿ ದೋಣಿ ಇಡಲು ಲೈಸೆನ್ಸ್ ಬೇಕು. ಲೈಸೆನ್ಸ್ ಸಿಗಲು ವಿಮೆ ಮತ್ತು ಸುರಕ್ಷತಾ ಪ್ರಮಾಣಪತ್ರ ಬೇಕು; ಪ್ರಮಾಣಪತ್ರವನ್ನು ನಾಲ್ಕು ವರ್ಷಕ್ಕೊಮ್ಮೆ ನವೀಕರಿಸಬೇಕು.

ನಮ್ಮಂಥ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದ್ದು 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆ. ದೋಣಿಗೆ ಕಾಯಂ ನಿಲುಗಡೆ ಜಾಗ ಇಲ್ಲದಿದ್ದರೆ ಸಾಮಾನ್ಯವಾಗಿ ಒಂದೇ ಸ್ಥಳದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಎರಡೇ ಜಾಗಗಳ ನಡುವೆ ಹಿಂದೆ ಮುಂದೆ ಮಾಡಿ ಕಣ್ಣು ತಪ್ಪಿಸುವಂತೆಯೂ ಇಲ್ಲ, ಪ್ರಾಮಾಣಿಕವಾಗಿ ಸಂಚರಿಸುತ್ತಿರಬೇಕು. ಬೆಳಗ್ಗೆ ಒಂಬತ್ತಕ್ಕೆ ಕ್ಲಾಸ್, ಸಂಜೆ ಪಾರ್ಟ್‌ಟೈಮ್ ಕೆಲಸ ಇರುವವರ ಮನೆ ಎರಡು ವಾರಕ್ಕೊಮ್ಮೆ ಕಾಲೇಜಿನಿಂದ ದೂರ ಸರಿಯುತ್ತಾ ಹೋದರೆ ಗತಿಯೇನು? ಹೀಗೆ ಸಂಚರಿಸುವ ದೋಣಿಗಳಿಗೆ 2024ರ ಏಪ್ರಿಲ್‌ನಿಂದ ಲೈಸೆನ್ಸ್ ಶುಲ್ಕದ ಮೇಲೆ ಹೆಚ್ಚುವರಿ ಹಣವನ್ನೂ ವಿಧಿಸಲಾಗುತ್ತಿದೆ. ಕಾಯಂ ಜಾಗ ಬೇಕೆಂದರೆ ಅದಕ್ಕೆ ಬೇರೆ ಬಾಡಿಗೆ. ಅದರಲ್ಲೂ ವರ್ಷವಿಡೀ ವಾಸಿಸಲು ಅನುಮತಿ ಇರುವ ಜಾಗ ಲಂಡನ್ನಿನಲ್ಲಿ ದುರ್ಲಭ ಮತ್ತು ದುಬಾರಿ.

ಇನ್ನೊಂದು ಮಾತು. ಸುರಕ್ಷತಾ ಪ್ರಮಾಣಪತ್ರ ನೋಡಿ ಮಾರುಹೋಗಬಾರದು. ಅದು ಗ್ಯಾಸ್, ವಿದ್ಯುತ್, ಇಂಧನದ ಅಪಾಯಗಳನ್ನು ಪರೀಕ್ಷಿಸುತ್ತದೆಯೇ ಹೊರತು ದೋಣಿಯ ತಳ ಗಟ್ಟಿಯಿದೆಯೇ ಎಂದು ಹೇಳುವುದಿಲ್ಲ. ಅದಕ್ಕೆ ದೋಣಿಯನ್ನು ನೀರಿನಿಂದ ಎತ್ತಿಸಿ, ಅಲ್ಟ್ರಾಸಾನಿಕ್ ಉಪಕರಣದಿಂದ ಉಕ್ಕಿನ ದಪ್ಪ ಅಳೆಯುವ ಸರ್ವೇ ಮಾಡಿಸಬೇಕು. ಇದಕ್ಕೆ ಕೊಡುವ ಹಣವನ್ನು ಉಳಿಸಲು ಹೋದವರೇ ಆಮೇಲೆ ಹೆಚ್ಚು ಕಳೆದುಕೊಳ್ಳುವುದು.

ತುಕ್ಕಿಗೆ ರಜೆಯಿಲ್ಲ

ಇತ್ತೀಚಿನ ಬಹುತೇಕ ನ್ಯಾರೋಬೋಟ್‌ಗಳಲ್ಲಿ ತಳದ ಉಕ್ಕಿನ ದಪ್ಪ 10 ಮಿ.ಮೀ., ಪಕ್ಕಗಳದು 6, ಮೇಲಿನ ಕ್ಯಾಬಿನ್ನಿನದು 4. ಈ ಉಕ್ಕು ಹಗಲು ರಾತ್ರಿ ನೀರಿನಲ್ಲಿದೆ. ಹಾಗಾಗಿ ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ಮೇಲೆತ್ತಿ, ತೊಳೆದು, ಕೆರೆದು, ಬಿಟುಮೆನ್ ಬಳಿಯಬೇಕು. ಎಪಾಕ್ಸಿ ಬಳಿದರೆ ಹೆಚ್ಚು ವರ್ಷ ಬಾಳುತ್ತದೆ, ಖರ್ಚೂ ಹೆಚ್ಚು. ಉಕ್ಕು 4 ಮಿ.ಮೀ.ಗಿಂತ ತೆಳುವಾಯಿತೆಂದರೆ ಅನೇಕ ವಿಮಾ ಕಂಪನಿಗಳು ಹಿಂದೇಟು ಹಾಕುತ್ತವೆ.

ಮೊದಲ ವರ್ಷದ ಎಂಜಿನಿಯರಿಂಗ್ ಕೆಮಿಸ್ಟ್ರಿಯಲ್ಲಿ ಕರೋಷನ್ ಪಾಠವನ್ನು ಹತ್ತು ಅಂಕಕ್ಕಾಗಿ ಬಾಯಿಪಾಠ ಮಾಡಿದವರು ನಾವು. ಅಲ್ಲಿ ಅದೇ ಪಾಠ ಮನೆಯ ಗೋಡೆಯನ್ನು ಕಾಯುತ್ತದೆ. ದೋಣಿಯ ತಳಕ್ಕೆ ಮೆಗ್ನೀಸಿಯಂ ತುಂಡುಗಳನ್ನು ಬೆಸುಗೆ ಹಾಕಿರುತ್ತಾರೆ. ಉಕ್ಕಿಗಿಂತ ಮೊದಲು ತಾನೇ ಕರಗಿ ಉಕ್ಕನ್ನು ಉಳಿಸುವ ಲೋಹ ಅದು. ಸಮುದ್ರದ ನೀರಿಗೆ ಸತುವಾದರೆ ಕಾಲುವೆಯ ಸಿಹಿನೀರಿಗೆ ಮೆಗ್ನೀಸಿಯಂ. ದಂಡೆಯಿಂದ ಕರೆಂಟ್ ಎಳೆದುಕೊಂಡರೆ ಇನ್ನೊಂದು ತೊಂದರೆ: ಅರ್ಥಿಂಗ್ ತಂತಿಯ ಮೂಲಕ ನಿಮ್ಮ ದೋಣಿಗೂ ಪಕ್ಕದವರ ದೋಣಿಗೂ ಸಂಪರ್ಕ ಏರ್ಪಟ್ಟು, ನೀರೊಳಗೆ ದೊಡ್ಡದೊಂದು ಬ್ಯಾಟರಿಯೇ ಸಿದ್ಧವಾಗುತ್ತದೆ. ಸವೆಯುವುದು ನಿಮ್ಮ ಲೋಹವೂ ಆಗಬಹುದು. ಅದನ್ನು ತಡೆಯಲು ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿಸಬೇಕು.

ನೀವೇ ಜಲಮಂಡಳಿ, ನೀವೇ ಬೆಸ್ಕಾಂ

ದೋಣಿಗೆ ಬಂದವರು ಸ್ವಿಚ್ ಹಾಕುವ ಮುನ್ನ ಲೆಕ್ಕ ಹಾಕಲು ಕಲಿಯಬೇಕು. ಒಂದು ಉದಾಹರಣೆ ನೋಡೋಣ. 12 ವೋಲ್ಟಿನ ಫ್ರಿಜ್‌ಗೆ ದಿನಕ್ಕೆ ಅಂದಾಜು 40 ಆಂಪ್-ಅವರ್. 60 ವಾಟ್‌ನ ಲ್ಯಾಪ್‌ಟಾಪ್ ನಾಲ್ಕು ಗಂಟೆ ನಡೆದರೆ 20. ಎಲ್‌ಇಡಿ ದೀಪ, ನೀರಿನ ಪಂಪು, ಮೊಬೈಲ್ ಸೇರಿ 15. ಒಟ್ಟು 75. ಲೆಡ್-ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ. ಹಾಗಾಗಿ 400 ಆಂಪ್-ಅವರ್ ಇದ್ದರೂ ಬಳಸಲು ಸಿಗುವುದು 200. ಅಂದರೆ ಎರಡೂವರೆ ದಿನ. 2,000 ವಾಟ್‌ನ ಎಲೆಕ್ಟ್ರಿಕ್ ಕೆಟಲ್ ಇಟ್ಟರೆ ಬ್ಯಾಟರಿಯಿಂದ 165 ಆಂಪಿಯರ್‌ಗೂ ಹೆಚ್ಚು ಕರೆಂಟ್ ಹರಿಯಬೇಕು. ಅದಕ್ಕೇ ಅಲ್ಲಿ ಚಹಾಕ್ಕೆ ಗ್ಯಾಸ್ ಅಥವಾ ಒಲೆಯೇ ಗತಿ. ಬೇಸಿಗೆಯಲ್ಲಿ ಸೋಲಾರ್ ಫಲಕ ಧಾರಾಳವಾಗಿ ಕೊಡುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ನಾಡಿನಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಎಂಜಿನ್ ಓಡಿಸಿ ಚಾರ್ಜ್ ಮಾಡಬೇಕು. ಅದೂ ನಿಂತ ದೋಣಿಯಲ್ಲಿ ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಎಂಜಿನ್ ಓಡಿಸಬಾರದೆಂಬ ನಿಯಮವಿದೆ.

ನೀರಿನದೂ ಇದೇ ಕಥೆ. ನಮ್ಮ ನಗರಗಳ ನೀರು ಪೂರೈಕೆಯ ವಿನ್ಯಾಸಕ್ಕೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಸಿವಿಲ್ ವಿದ್ಯಾರ್ಥಿಗಳು ಓದುತ್ತಾರೆ. ಆ ಲೆಕ್ಕದಲ್ಲಿ 500 ಲೀಟರಿನ ದೋಣಿ ಟ್ಯಾಂಕ್ ನಾಲ್ಕನೇ ದಿನ ಖಾಲಿ. ಎರಡು ವಾರ ಬರಬೇಕೆಂದರೆ ದಿನಕ್ಕೆ 35 ಲೀಟರಿನಲ್ಲಿ ಸ್ನಾನ, ಅಡುಗೆ, ಪಾತ್ರೆ ಎಲ್ಲ ಮುಗಿಯಬೇಕು. ಟ್ಯಾಂಕರ್‌ಗಾಗಿ ಕಾದು ಗೊತ್ತಿರುವ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಶೌಚಾಲಯ. ರೀಲ್‌ಗಳಲ್ಲಿ ಕಾಣದ ಭಾಗ ಇದೇ. ಕ್ಯಾಸೆಟ್ ಮಾದರಿಯಾದರೆ ಸುಮಾರು 20 ಲೀಟರಿನ ಡಬ್ಬವನ್ನು ಕೆಲವು ದಿನಕ್ಕೊಮ್ಮೆ ನಿಗದಿತ ಜಾಗಕ್ಕೆ ಹೊತ್ತೊಯ್ದು, ಸುರಿದು, ತೊಳೆದು ತರಬೇಕು. ಮಳೆಯಿರಲಿ, ಹಿಮವಿರಲಿ, ಮರುದಿನ ಪರೀಕ್ಷೆಯಿರಲಿ. ಇದಕ್ಕೆ ಮನಸ್ಸು ಒಪ್ಪದವರು ದೋಣಿಯ ಯೋಚನೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಜೀವಕ್ಕೆ ಸಂಬಂಧಿಸಿದ ನಾಲ್ಕು ಮಾತು

ಒಂದು, ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಚಳಿ ತಡೆಯಲಾರದೆ ಗಾಳಿಕಿಂಡಿ ಮುಚ್ಚಿ, ಕಲ್ಲಿದ್ದಲಿನ ಒಲೆ ಉರಿಸಿ ಮಲಗಿದವರು ಬೆಳಗ್ಗೆ ಏಳದೇ ಹೋಗಬಹುದು. ವಾಸದ ಕ್ಯಾಬಿನ್ ಇರುವ ದೋಣಿಗಳಲ್ಲಿ ಇದರ ಅಲಾರಂ 2019ರಿಂದ ಸುರಕ್ಷತಾ ಪರೀಕ್ಷೆಯ ಭಾಗ. ಅಲಾರಂ ಇದ್ದರೆ ಸಾಲದು, ಆಗಾಗ ಗುಂಡಿ ಒತ್ತಿ ಪರೀಕ್ಷಿಸಬೇಕು. ಕಿಂಡಿಗಳನ್ನು ಎಂದೂ ಮುಚ್ಚಬಾರದು.

ಎರಡು, ಗ್ಯಾಸ್. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ಶೇಖರವಾಗುತ್ತದೆ. ಆದ್ದರಿಂದ ಸಿಲಿಂಡರ್ ಇರುವ ಪೆಟ್ಟಿಗೆಯಿಂದ ಅನಿಲ ಹೊರಗೆ ಹರಿದುಹೋಗುವ ರಂಧ್ರ ಕಟ್ಟಿಕೊಂಡಿಲ್ಲವೇ ಎಂದು ನೋಡುತ್ತಿರಬೇಕು. ಕೊರೆಯುವ ಚಳಿಯಲ್ಲಿ ಬ್ಯೂಟೇನ್ ಆವಿಯಾಗುವುದಿಲ್ಲ, ಪ್ರೊಪೇನ್ ಬೇಕು.

ಮೂರು, ಪ್ರೊಪೆಲ್ಲರ್ ಮೇಲಿನ ಮುಚ್ಚಳ. ಕಾಲುವೆಯ ಕಳೆ, ಪ್ಲಾಸ್ಟಿಕ್ ಸುತ್ತಿಕೊಂಡಾಗ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಇದನ್ನು ಬಿಚ್ಚಿ ಸ್ವಚ್ಛ ಮಾಡುತ್ತಾರೆ. ಮತ್ತೆ ಬಿಗಿಯಾಗಿ ಮುಚ್ಚದೆ ಎಂಜಿನ್ ಚಾಲೂ ಮಾಡಿದರೆ ಪ್ರೊಪೆಲ್ಲರೇ ನೀರನ್ನು ಒಳಗೆ ಎರಚಿ ದೋಣಿ ಮುಳುಗಿಸುತ್ತದೆ.

ನಾಲ್ಕು, ಲಾಕ್. ಕೆಳಗಿಳಿಯುವಾಗ ಮೇಲಿನ ಬಾಗಿಲಿನ ಬುಡದಲ್ಲಿ ಸಿಲ್ ಎಂಬ ಕಟ್ಟೆ ನೀರಿನೊಳಗೆ ಅಡಗಿರುತ್ತದೆ. ಗೋಡೆಯ ಮೇಲಿನ ಗುರುತಿಗಿಂತ ಹಿಂದೆ ದೋಣಿ ನಿಂತರೆ, ನೀರು ಇಳಿದಂತೆ ಹಿಂಭಾಗ ಕಟ್ಟೆಯ ಮೇಲೆ ಕೂತು ಮುಂಭಾಗ ನೀರಿಗೆ ನುಗ್ಗುತ್ತದೆ. ಅಲ್ಲಿ ಅವಸರ ಸಲ್ಲದು, ಫೋನಂತೂ ಬೇಡವೇ ಬೇಡ. ಕಾಲುವೆಯ ವೇಗದ ಮಿತಿಯೇ ಗಂಟೆಗೆ 4 ಮೈಲಿ. ನಿಂತ ದೋಣಿಗಳ ಪಕ್ಕ ಅದಕ್ಕಿಂತಲೂ ನಿಧಾನವಾಗಿ ಹೋಗಬೇಕು.

ಮೇಂಟೆನೆನ್ಸ್ ಎಂದರೆ ಕೀಳೇ?

ಉಳಿದದ್ದು ದಿನಚರಿ. ಎಂಜಿನ್ ಆಯಿಲ್, ಕೂಲೆಂಟ್, ಬೆಲ್ಟ್ ನೋಡುವುದು. ಪ್ರೊಪೆಲ್ಲರ್ ದಂಡ ಹೊರಬರುವಲ್ಲಿ ನೀರು ಹೆಚ್ಚು ತೊಟ್ಟಿಕ್ಕಿದರೆ ಗ್ರೀಸ್ ಒತ್ತುವುದು. ಡೀಸೆಲ್ ಟ್ಯಾಂಕಿನಲ್ಲಿ ತೇವ ಸೇರದಂತೆ ಚಳಿಗಾಲದಲ್ಲಿ ತುಂಬಿಡುವುದು. ಹಗ್ಗ ಸವೆದಿದೆಯೇ ನೋಡುವುದು. ಒಂದೊಂದಕ್ಕೂ ಐದು ನಿಮಿಷ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಸ್ಥಿತಿ ಬರದಂತೆ ನೋಡಿಕೊಳ್ಳುವ ಕೆಲಸ ಇದು.

ಆದರೆ ನಮ್ಮ ಕ್ಯಾಂಪಸ್ಸುಗಳಲ್ಲಿ ಈ ಕೆಲಸಕ್ಕೆ ಮರ್ಯಾದೆ ಇದೆಯೇ? ಪ್ಲೇಸ್‌ಮೆಂಟಿನಲ್ಲಿ ‘ಡಿಸೈನ್’ ಎಂದರೆ ಕಣ್ಣರಳುತ್ತದೆ, ‘ಮೇಂಟೆನೆನ್ಸ್’ ಎಂದರೆ ಮುಖ ಸಪ್ಪಗಾಗುತ್ತದೆ. ಸ್ಪ್ಯಾನರ್ ಹಿಡಿಯುವುದಕ್ಕಾ ಬಿಇ ಮಾಡಿದ್ದು ಎಂದು ಮನೆಯಲ್ಲೂ ಕೇಳುತ್ತಾರೆ. ಆ ಕಾಲುವೆಗಳನ್ನು ರೂಪಿಸಿದ ಬ್ರಿಂಡ್ಲಿ ಗಿರಣಿ ಯಂತ್ರಗಳ ರಿಪೇರಿಯ ಕಸುಬಿನಿಂದ ಬಂದವರು. ಸರಕು ಸಾಗಣೆ ಕುಸಿದು ಕಾಲುವೆಗಳು ಪಾಳುಬೀಳುತ್ತಿದ್ದಾಗ ಜನರ ಗಮನ ಸೆಳೆದವರಲ್ಲಿ ಪ್ರಮುಖರು ಎಲ್.ಟಿ.ಸಿ. ರೋಲ್ಟ್. ಅವರೂ ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಪಳಗಿದವರೇ. 1939ರಲ್ಲಿ ‘ಕ್ರೆಸ್ಸಿ’ ಎಂಬ ದೋಣಿಯನ್ನು ಮನೆ ಮಾಡಿಕೊಂಡು, 1944ರಲ್ಲಿ ‘ನ್ಯಾರೋ ಬೋಟ್’ ಪುಸ್ತಕ ಪ್ರಕಟಿಸಿದರು. 1946ರಲ್ಲಿ ಹುಟ್ಟಿದ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ನಿನ ಸ್ಥಾಪಕರಲ್ಲಿ ಒಬ್ಬರಾದರು. ಇನ್ನೂರು ವರ್ಷ ಹಳೆಯ ಕಾಲುವೆಗಳಲ್ಲಿ ಇಂದಿಗೂ ದೋಣಿ ಓಡುತ್ತಿರುವುದು ಕಟ್ಟಿದವರಿಂದ ಎಷ್ಟೋ, ಪ್ರತಿ ಚಳಿಗಾಲ ಲಾಕ್ ಮುಚ್ಚಿ, ನೀರು ಬಸಿದು, ಬಾಗಿಲು ಸರಿಪಡಿಸುವವರಿಂದಲೂ ಅಷ್ಟೇ.

ಹಾಗಾದರೆ ದೋಣಿ ಬೇಡವೇ? ಒಂದು ವರ್ಷದ ಕೋರ್ಸಿಗೆ ಹೋಗುವವರಿಗೆ ಬೇಡ ಎಂದೇ ನನ್ನ ಅಭಿಪ್ರಾಯ. ಕೊಂಡು, ಕಲಿತು, ಮಾರುವಷ್ಟರಲ್ಲಿ ಕೋರ್ಸೇ ಮುಗಿದಿರುತ್ತದೆ. ಅಲ್ಲಿ ಕೆಲಸ ಸಿಕ್ಕಿ ನೆಲೆ ನಿಲ್ಲುವವರು ಮೊದಲು ಒಂದು ವಾರದ ಮಟ್ಟಿಗೆ ದೋಣಿ ಬಾಡಿಗೆಗೆ ಹಿಡಿಯಲಿ. ಅದೂ ಬಿಸಿಲಿನ ಜುಲೈನಲ್ಲಲ್ಲ, ಮಾರ್ಚಿನ ಚಳಿಯಲ್ಲೋ ಅಕ್ಟೋಬರಿನ ಮಳೆಯಲ್ಲೋ. ಡಬ್ಬ ಹೊತ್ತು, ಒಲೆಯ ಬೂದಿ ತೆಗೆದು, ಕೈಗೆ ಗ್ರೀಸ್ ಮೆತ್ತಿಕೊಂಡ ಮೇಲೂ ಖುಷಿ ಉಳಿದಿದ್ದರೆ ಸರ್ವೇ ಮಾಡಿಸಿ ಕೊಳ್ಳಲಿ. ಬ್ರಿಟನ್ನಿಗೆ ಹೋಗದ ನಾವು ಈ ಸಲದ ಇಂಟರ್ವ್ಯೂನಲ್ಲಿ ‘ಮೇಂಟೆನೆನ್ಸ್ ವಿಭಾಗ ಆಗಬಹುದೇ?’ ಎಂದು ಕೇಳಿದರೆ ಮುಖ ಸಪ್ಪಗೆ ಮಾಡದೆ, ಆ ಕೆಲಸದಲ್ಲಿ ಏನೇನಿದೆ ಎಂದು ಎರಡು ಪ್ರಶ್ನೆಯನ್ನಾದರೂ ಕೇಳೋಣ.